ಅಲಗು ಬಾಗಿಸಿ ಹೊಲ ಉತ್ತ ಹೋವರ್ಡ್

ಮಳೆಗಾಲದಲ್ಲಿ ಗದ್ದೆ ಬಯಲಿನ ಕಡೆ ಹೋದರೆ ಪವರ್ ಟಿಲ್ಲರಿನ ಸದ್ದು ಕೇಳಿಸುತ್ತದೆ. ನಿಂತ ನೀರಿನಲ್ಲಿ ಟಿಲ್ಲರ್ ಮುಂದೆ ಸಾಗಿದಂತೆ ಹಿಂದೆ ಮಣ್ಣು ಪಾಯಸದಂತಾಗುತ್ತಾ ಬರುತ್ತದೆ. ಕೆಲಸವೆಲ್ಲ ಮುಗಿದು ಯಂತ್ರ ಆರಿ ನಿಂತಾಗ, ಮನೆಯ ಹಿರಿಯರ ಜೊತೆಯಲ್ಲಿ ಅದರ ಹಿಂಭಾಗವನ್ನು ನೋಡಿ. ಅಡ್ಡಲಾಗಿರುವ ಒಂದು ಕಬ್ಬಿಣದ ದಂಡ, ಅದಕ್ಕೆ ನಟ್ಟು ಬೋಲ್ಟು ಹಾಕಿ ಬಿಗಿದ ಹತ್ತಿಪ್ಪತ್ತು ಬ್ಲೇಡುಗಳು. ಇವುಗಳಲ್ಲಿ ಒಂದಾದರೂ ಚಾಕುವಿನಂತೆ ನೇರವಾಗಿದೆಯೇ? ಇಲ್ಲ. ಎಲ್ಲವೂ ಬಾಗಿವೆ. ಕೆಲವು ಎಡಕ್ಕೆ, ಕೆಲವು ಬಲಕ್ಕೆ.

ಕಬ್ಬಿಣವನ್ನು ಬಾಗಿಸುವುದೆಂದರೆ ಹೆಚ್ಚಿನ ಕೆಲಸ, ಹೆಚ್ಚಿನ ಖರ್ಚು. ಆದರೂ ಏಕೆ ಬಾಗಿಸುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನಾವು ನೂರು ವರ್ಷಕ್ಕೂ ಹಿಂದಕ್ಕೆ, ಆಸ್ಟ್ರೇಲಿಯಾದ ಒಂದು ಹೊಲಕ್ಕೆ ಹೋಗಬೇಕು.

ಗಿಲ್ಗಾಂಡ್ರದ ಹೊಲ

ಆರ್ಥರ್ ಕ್ಲಿಫರ್ಡ್ ಹೋವರ್ಡ್ ಹುಟ್ಟಿದ್ದು 1893ರ ಏಪ್ರಿಲ್ 4ರಂದು, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಕ್ರೂಕ್‌ವೆಲ್ ಎಂಬ ಊರಿನಲ್ಲಿ. ಎಲ್ಲರೂ ಅವರನ್ನು ಕ್ಲಿಫ್ ಎಂದು ಕರೆಯುತ್ತಿದ್ದರು. ಅವರ ತಂದೆಯ ಹೊಲ ಇದ್ದುದು ಅದೇ ರಾಜ್ಯದ ಗಿಲ್ಗಾಂಡ್ರದಲ್ಲಿ. ಅದು ಗೋಧಿ ಬೆಳೆಯುವ ಬಯಲು ಸೀಮೆ. ಕಣ್ಣು ಹಾಯಿಸಿದಷ್ಟು ದೂರ ಹೊಲ, ಕೆಲಸಕ್ಕೆ ಮಾತ್ರ ಜನ ಕಡಿಮೆ. ಆದ್ದರಿಂದ ಅಲ್ಲಿಯ ರೈತರು ಯಂತ್ರಗಳನ್ನು ಬೇಗ ನೆಚ್ಚಿಕೊಂಡರು. ಹೋವರ್ಡ್ ಅವರ ತಂದೆಯ ಹೊಲದಲ್ಲಿಯೂ ಉಗಿಯಿಂದ ನಡೆಯುವ ಒಂದು ಟ್ರ್ಯಾಕ್ಟರ್ ಇತ್ತು.

ಉಗಿ ಟ್ರ್ಯಾಕ್ಟರ್ ಎಂದರೆ ಈಗಿನ ಟ್ರ್ಯಾಕ್ಟರಿನಂತೆ ಚಿಕ್ಕದೆಂದು ತಿಳಿಯಬೇಡಿ. ಅದು ರೈಲಿನ ಹಳೆಯ ಎಂಜಿನ್ನನ್ನು ಹಳಿಯಿಂದ ಇಳಿಸಿ ಹೊಲಕ್ಕೆ ಬಿಟ್ಟಂತೆ ಇರುತ್ತಿತ್ತು. ದೊಡ್ಡ ಬಾಯ್ಲರು, ಭಾರವಾದ ಕಬ್ಬಿಣದ ಗಾಲಿಗಳು. ಅದು ನೇಗಿಲನ್ನು ಎಳೆಯುತ್ತಿತ್ತು, ನಿಜ. ಆದರೆ ಹಾಗೆ ಎಳೆಯುವಾಗ ಎರಡು ತೊಂದರೆಗಳಿದ್ದವು.

ಮೊದಲನೆಯದು, ಎಳೆತ. ನೇಗಿಲು ಮಣ್ಣಿನಲ್ಲಿ ಮುಂದೆ ಹೋಗಬೇಕಾದರೆ ಗಾಲಿಗಳು ನೆಲವನ್ನು ಗಟ್ಟಿಯಾಗಿ ಹಿಡಿಯಬೇಕು. ನಾವು ಹಗ್ಗ ಜಗ್ಗಾಟದಲ್ಲಿ ಹಿಮ್ಮಡಿಯನ್ನು ನೆಲಕ್ಕೆ ಊರಿ ನಿಲ್ಲುವುದಿಲ್ಲವೇ, ಹಾಗೆ. ನೆಲ ಸಡಿಲವಾಗಿದ್ದರೆ ಗಾಲಿ ನಿಂತಲ್ಲೇ ತಿರುಗುತ್ತದೆ. ಇಂಧನ ಉರಿಯುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಇದನ್ನು ತಪ್ಪಿಸಲು ಯಂತ್ರವನ್ನು ಇನ್ನಷ್ಟು ಭಾರ ಮಾಡುತ್ತಿದ್ದರು. ಆಗ ಎರಡನೆಯ ತೊಂದರೆ ಬರುತ್ತಿತ್ತು. ಭಾರದ ಗಾಲಿಗಳೂ ನೇಗಿಲಿನ ತಳವೂ ಅಡಿಯ ಮಣ್ಣನ್ನು ಅದುಮಿ ಗಟ್ಟಿ ಮಾಡುತ್ತಿದ್ದವು. ಮಣ್ಣನ್ನು ಸಡಿಲ ಮಾಡಲು ಹೋಗಿ ಗಟ್ಟಿ ಮಾಡಿದಂತಾಯಿತು, ಅಲ್ಲವೇ?

1912ರಲ್ಲಿ ಹೋವರ್ಡ್ ಅವರಿಗೆ 19 ವರ್ಷ. ಆಗವರು ಎಂಜಿನಿಯರಿಂಗ್ ಕೆಲಸ ಕಲಿಯುತ್ತಿದ್ದರು. ಟ್ರ್ಯಾಕ್ಟರಿನ ಎಂಜಿನ್ ಹೇಗಿದ್ದರೂ ತಿರುಗುತ್ತಲೇ ಇರುತ್ತದೆ. ಆ ತಿರುಗುವಿಕೆಯನ್ನು ಗಾಲಿಗೆ ಕೊಟ್ಟು, ಗಾಲಿಯಿಂದ ಎಳೆತ ಪಡೆದು, ಎಳೆತದಿಂದ ನೇಗಿಲನ್ನು ನಡೆಸುವ ಬದಲು, ನೇರವಾಗಿ ಉಳುವ ಭಾಗವನ್ನೇ ತಿರುಗಿಸಿದರೆ ಹೇಗೆ? ಅವರು ತಂದೆಯ ಟ್ರ್ಯಾಕ್ಟರಿನ ಎಂಜಿನ್ನಿನಿಂದ ಚಲನೆಯನ್ನು ಪಡೆದು, ಮಣ್ಣನ್ನು ಅಗೆಯುವ ಭಾಗಗಳನ್ನು ತಿರುಗಿಸಿ ನೋಡಿದರು. ಮಣ್ಣು ಸಡಿಲವಾಯಿತು. ನೇಗಿಲಿನಿಂದ ಉತ್ತಾಗ ಆಗುತ್ತಿದ್ದಂತೆ ಅದುಮಿಕೊಳ್ಳಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ತಿರುಗುವ ಯಂತ್ರದಿಂದ ನೆಲ ಅಗೆಯುವ ಯೋಚನೆ ಹೋವರ್ಡ್ ಅವರಿಗೇ ಮೊದಲು ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಉಗಿ ಯಂತ್ರಗಳಿಂದ ಇಂಥ ಪ್ರಯತ್ನಗಳು ನಡೆದಿದ್ದವು. 1910ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಕೊನ್ರಾಡ್ ಫಾನ್ ಮೆಯೆನ್‌ಬುರ್ಗ್ ಎಂಬ ಎಂಜಿನಿಯರು ತಿರುಗುವ ದಂಡಕ್ಕೆ ಸ್ಪ್ರಿಂಗಿನಂತಹ ಉಗುರುಗಳನ್ನು ಜೋಡಿಸಿ ಪೇಟೆಂಟ್ ಪಡೆದಿದ್ದರು. ಅದು ಬೆಕ್ಕು ಮಣ್ಣು ಕೆದರಿದಂತೆ ನೆಲವನ್ನು ಕೆದರುತ್ತಿತ್ತು. ಹೀಗಿರುವಾಗ ಹೋವರ್ಡ್ ಅವರ ಹೆಸರು ಏಕೆ ಉಳಿಯಿತು? ದಂಡವನ್ನು ತಿರುಗಿಸಿದ್ದಕ್ಕಲ್ಲ, ಅಲಗಿನ ಆಕಾರದ ಬಗ್ಗೆ ತಲೆ ಕೆಡಿಸಿಕೊಂಡದ್ದಕ್ಕೆ.

ಮಣ್ಣು ಎಲ್ಲಿಗೆ ಹಾರಿತು?

ಹೋವರ್ಡ್ ಅವರ ಮೊದಲ ಯಂತ್ರಗಳು ನೆಲವನ್ನು ಅಗೆದವು. ಆದರೆ ಅಗೆದ ಮಣ್ಣನ್ನು ಪಕ್ಕಕ್ಕೆ ಎಸೆಯತೊಡಗಿದವು. ಮಣ್ಣೆಲ್ಲ ಒಂದು ಮಗ್ಗುಲಿಗೆ ರಾಶಿ ಬಿದ್ದರೆ ಹೊಲ ಏರುತಗ್ಗಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಅದು ಕಣ್ಣಿಗೆ ಕಾಣುವುದಿಲ್ಲ.

ಒಂದು ಹೆಂಟೆಯನ್ನು ಕೈಯಿಂದ ದೂರ ಎಸೆಯಿರಿ. ಎಸೆಯಲು ನಿಮ್ಮ ತೋಳಿನ ಶಕ್ತಿ ಖರ್ಚಾಯಿತು. ಅದೇ ಹೆಂಟೆಯನ್ನು ಇಮ್ಮಡಿ ವೇಗದಲ್ಲಿ ಎಸೆಯಬೇಕಾದರೆ ಇಮ್ಮಡಿ ಶಕ್ತಿ ಸಾಕಾಗುವುದಿಲ್ಲ, ನಾಲ್ಕು ಪಟ್ಟು ಬೇಕು. ಚಲನಶಕ್ತಿಯ ನಿಯಮವೇ ಹಾಗಿದೆ. ಒಂದು ಕಿಲೋಗ್ರಾಂ ಮಣ್ಣನ್ನು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಾರಿಸಲು ಹನ್ನೆರಡೂವರೆ ಜೂಲ್ ಶಕ್ತಿ ಬೇಕು. 10 ಮೀಟರ್ ವೇಗಕ್ಕೆ 50 ಜೂಲ್. ಹೊಲ ಉಳುವಾಗ ಯಂತ್ರ ಹೀಗೆ ಟನ್ನುಗಟ್ಟಲೆ ಮಣ್ಣನ್ನು ಎತ್ತಿ ಹಾಕುತ್ತದೆ. ಬೇಡದ ಕಡೆಗೆ, ಬೇಡದಷ್ಟು ದೂರಕ್ಕೆ ಮಣ್ಣು ಹಾರಿದರೆ ಅಷ್ಟೂ ಇಂಧನ ಗಾಳಿಗೆ ಹೋದಂತೆಯೇ.

ಹೋವರ್ಡ್ ಬೇರೆ ಬೇರೆ ಆಕಾರಗಳನ್ನು ಪ್ರಯತ್ನಿಸಿ ಕೊನೆಗೆ ಒಂದು ಆಕಾರಕ್ಕೆ ಬಂದು ನಿಂತರು. ಅದು ಇಂಗ್ಲಿಷಿನ 'ಎಲ್' ಅಕ್ಷರದ ಆಕಾರ. ಬಡಗಿಯ ಮೂಲೆಮಟ್ಟವನ್ನು ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಹಾಗೆಯೇ. ಉದ್ದನೆಯ ಕಾಲು ದಂಡಕ್ಕೆ ಸೇರಿರುತ್ತದೆ. ಗಿಡ್ಡನೆಯ ಕಾಲು ತುದಿಯಲ್ಲಿ ಅಡ್ಡಕ್ಕೆ ತಿರುಗಿರುತ್ತದೆ.

ಈ ಎರಡು ಕಾಲುಗಳೂ ಬೇರೆ ಬೇರೆ ಕೆಲಸ ಮಾಡುತ್ತವೆ. ಉದ್ದನೆಯ ಕಾಲು ಮಣ್ಣನ್ನು ಬದಿಯಿಂದ ಸೀಳುತ್ತದೆ. ಗಿಡ್ಡ ಕಾಲು ತಳದಿಂದ ಕತ್ತರಿಸಿ, ಆ ತುಂಡನ್ನು ಹೊತ್ತು ಹಿಂದಕ್ಕೆ ಚೆಲ್ಲುತ್ತದೆ. ಹಿಂದೆ ತಗಡಿನ ಮುಚ್ಚಳವಿರುತ್ತದೆ. ಮಣ್ಣು ಅದಕ್ಕೆ ಬಡಿದು ಪುಡಿಯಾಗಿ, ತಾನಿದ್ದ ಜಾಗದ ಹತ್ತಿರವೇ ಬೀಳುತ್ತದೆ. ಎಡಕ್ಕೆ ಬಾಗಿದ ಅಲಗು ಮಣ್ಣನ್ನು ಎಡಕ್ಕೆ ತಳ್ಳಿದರೆ, ಬಲಕ್ಕೆ ಬಾಗಿದ್ದು ಬಲಕ್ಕೆ ತಳ್ಳುತ್ತದೆ. ಎರಡನ್ನೂ ಸಮವಾಗಿ ಹಾಕಿದರೆ ಪಕ್ಕದ ತಳ್ಳಾಟ ಒಂದಕ್ಕೊಂದು ಸರಿಹೋಗುತ್ತದೆ.

ಹೋವರ್ಡ್ ಇನ್ನೂ ಎರಡು ಬದಲಾವಣೆ ಮಾಡಿದರು. ಅಲಗುಗಳನ್ನು ಹಿಡಿದಿಡುವ ಬಿಲ್ಲೆಗಳ ನಡುವೆ ಅಂತರವನ್ನು ಹೆಚ್ಚಿಸಿದರು. ಹತ್ತಿರ ಹತ್ತಿರ ಇದ್ದರೆ ನಡುವೆ ಮಣ್ಣು ಸಿಕ್ಕಿಕೊಳ್ಳುತ್ತದೆ. ತಿರುಗುವ ಚಕ್ರದ ವ್ಯಾಸವನ್ನು ಕಡಿಮೆ ಮಾಡಿದರು. ಬಾಗಿಲಿನ ಹಿಡಿಯನ್ನು ತಿರುಗಣಿಯಿಂದ ದೂರ ಇಟ್ಟಿರುವುದೇಕೆ ಗೊತ್ತಲ್ಲ? ದೂರದಲ್ಲಿ ಸ್ವಲ್ಪ ಬಲ ಹಾಕಿದರೂ ಬಾಗಿಲು ತಿರುಗುತ್ತದೆ. ಇಲ್ಲಿ ಅದೇ ನಿಯಮ ಯಂತ್ರಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ಅಲಗಿನ ತುದಿ ದಂಡದಿಂದ ದೂರವಿದ್ದಷ್ಟೂ ಮಣ್ಣಿನ ತಡೆ ದಂಡವನ್ನು ಹೆಚ್ಚು ಬಲವಾಗಿ ಹಿಂದಕ್ಕೆ ತಿರುಚುತ್ತದೆ. ಚಕ್ರ ಚಿಕ್ಕದಾದರೆ ಈ ತಿರುಚು ಕಡಿಮೆ.

ಯುದ್ಧ ಬಂತು, ಕೆಲಸ ನಿಂತಿತು

ಹೋವರ್ಡ್ ತಮ್ಮ ಜೊತೆಯಲ್ಲಿ ಕೆಲಸ ಕಲಿಯುತ್ತಿದ್ದ ಎವೆರಾರ್ಡ್ ಮೆಕ್ಲಿಯರಿ ಎಂಬ ಗೆಳೆಯನೊಂದಿಗೆ ಸೇರಿ ಯಂತ್ರ ತಯಾರಿಸಲು ಒಂದು ಕಂಪನಿ ಕಟ್ಟಿದರು. ಇನ್ನೇನು ಕೆಲಸ ಸಾಗಬೇಕು, ಅಷ್ಟರಲ್ಲಿ 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಎಲ್ಲ ಯೋಜನೆಗಳೂ ನಿಂತವು. ಹೋವರ್ಡ್ ಮತ್ತೆ ಆಸ್ಟ್ರೇಲಿಯಾಕ್ಕೆ ಬಂದು ಈ ಕೆಲಸ ಕೈಗೆತ್ತಿಕೊಂಡದ್ದು 1919ರಲ್ಲಿ. ಮೊದಲ ಪ್ರಯೋಗ ಮಾಡಿ ಆಗಲೇ 7 ವರ್ಷಗಳಾಗಿದ್ದವು.

ಈ ನಡುವೆ ಪೆಟ್ರೋಲಿನಿಂದ ನಡೆಯುವ ಎಂಜಿನ್ನುಗಳು ಬಹಳ ಸುಧಾರಿಸಿದ್ದವು. ಇನ್ನು ಬಾಯ್ಲರು ಹೊತ್ತ ದೈತ್ಯ ಬೇಕಾಗಿರಲಿಲ್ಲ. 1920ರಲ್ಲಿ ಹೋವರ್ಡ್ ಐದು ತಿರುಗುವ ಅಲಗುಗಳೂ ತನ್ನದೇ ಎಂಜಿನ್ನೂ ಇರುವ ಯಂತ್ರಕ್ಕೆ ಪೇಟೆಂಟ್ ಪಡೆದರು. 1922ರ ಮಾರ್ಚ್ ತಿಂಗಳಲ್ಲಿ ಆಸ್ಟ್ರಲ್ ಆಟೋ ಕಲ್ಟಿವೇಟರ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಮುಂದೆ ಅದು ಹೋವರ್ಡ್ ಆಟೋ ಕಲ್ಟಿವೇಟರ್ಸ್ ಆಯಿತು. 1927ರಿಂದ ಸಿಡ್ನಿ ನಗರದ ನಾರ್ತ್‌ಮೀಡ್ ಬಡಾವಣೆಯಲ್ಲಿ ಅದರ ಕಾರ್ಖಾನೆ ನಡೆಯಿತು. ದೊಡ್ಡ ಹೊಲಗಳ ಯಂತ್ರಕ್ಕೆ ತಕ್ಕ ಟ್ರ್ಯಾಕ್ಟರ್ ಬೇಕೆಂದು ಹೋವರ್ಡ್ ಟ್ರ್ಯಾಕ್ಟರನ್ನೂ ತಯಾರಿಸಿದರು. ಅದರ ಹೆಸರು ಡಿಎಚ್ 22.

ಬೇಡಿಕೆ ಹೊರದೇಶಗಳಿಂದಲೂ ಬರತೊಡಗಿತು. ಆಸ್ಟ್ರೇಲಿಯಾದಿಂದಲೇ ಎಲ್ಲರಿಗೂ ಪೂರೈಸುವುದು ಕಷ್ಟವಾದಾಗ ಹೋವರ್ಡ್ ಇಂಗ್ಲೆಂಡಿಗೆ ಹೋದರು. 1938ರ ಜುಲೈನಲ್ಲಿ ಎಸೆಕ್ಸ್ ಪ್ರಾಂತದ ಈಸ್ಟ್ ಹಾರ್ನ್‌ಡನ್ ಎಂಬಲ್ಲಿ ರೋಟರಿ ಹೋಸ್ ಲಿಮಿಟೆಡ್ ಎಂಬ ಕಂಪನಿ ಆರಂಭಿಸಿದರು. ಮುಂದೆ ಅದರ ಶಾಖೆಗಳು ಜರ್ಮನಿ, ಫ್ರಾನ್ಸ್, ಇಟಲಿ, ಬ್ರೆಜಿಲ್, ದಕ್ಷಿಣ ಆಫ್ರಿಕ, ಮಲೇಷಿಯಾ ಮುಂತಾದ ಕಡೆಗಳಲ್ಲಿ ತೆರೆದವು.

ಹೋವರ್ಡ್ ಯಂತ್ರಗಳ ಹೆಸರು ರೋಟವೇಟರ್. ಇದು ಒಂದು ಕಂಪನಿ ಇಟ್ಟ ಹೆಸರು. ಆದರೆ ಈಗ ನಮ್ಮ ಹಳ್ಳಿಗಳಲ್ಲಿ ಯಾವ ಕಂಪನಿಯ ಯಂತ್ರವಾದರೂ ಅದನ್ನು ರೋಟವೇಟರ್ ಎಂದೇ ಕರೆಯುತ್ತಾರೆ. ಈ ಹೆಸರಿನಲ್ಲಿ ಒಂದು ತಮಾಷೆಯಿದೆ. ನಿಮ್ಮ ಇಂಗ್ಲಿಷ್ ಮೇಷ್ಟರನ್ನು ಕೇಳಿ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಒಟ್ಟು ಒಂಬತ್ತು ಅಕ್ಷರ. ಈಗ ಬಲದಿಂದ ಎಡಕ್ಕೆ ಓದಿ. ನಮ್ಮ 'ವಿಕಟಕವಿ' ಇದ್ದಂತೆ!

ಕೆಸರಿನ ಲೆಕ್ಕವೇ ಬೇರೆ

ಗಿಲ್ಗಾಂಡ್ರದ ಹೊಲ ಒಣ ಸೀಮೆಯದು. ಮಲೇಷಿಯಾದಲ್ಲಿ ಬತ್ತದ ಗದ್ದೆಗಳಿವೆ. ಜಪಾನಿನಲ್ಲಿಯೂ ಅಷ್ಟೆ, ನಮ್ಮಲ್ಲಿಯೂ ಅಷ್ಟೆ. ಗದ್ದೆಯಲ್ಲಿ ನಾಟಿಗೆ ಮೊದಲು ನೀರು ನಿಲ್ಲಿಸಿ ಮಣ್ಣನ್ನು ಕೆಸರು ಮಾಡುತ್ತಾರೆ. ಸಣ್ಣ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚುವುದರಿಂದ ನೀರು ಬೇಗ ಇಂಗಿಹೋಗುವುದಿಲ್ಲ. ಕಳೆ ಮಣ್ಣಿನಡಿ ಸೇರುತ್ತದೆ. ಸಸಿಯನ್ನು ಬೆರಳಿನಿಂದ ಊರಲು ಸುಲಭವಾಗುತ್ತದೆ.

ಒದ್ದೆ ಮಣ್ಣು ಮೆತ್ತಗಿರುತ್ತದೆ, ಆದ್ದರಿಂದ ಉಳಲು ಕಡಿಮೆ ಶಕ್ತಿ ಸಾಕು ಎಂದು ನಿಮಗೆ ಅನಿಸಬಹುದು. ಪೂರ್ತಿ ನಿಜವಲ್ಲ. ಅಮ್ಮ ರಾಗಿ ಮುದ್ದೆ ಕಟ್ಟುವುದನ್ನು ನೋಡಿದ್ದೀರಲ್ಲ. ಒಣ ಹಿಟ್ಟು ಕೈಗೆ ಅಂಟುವುದಿಲ್ಲ. ಬೆಂದ ಮುದ್ದೆ ಕೈ ಬಿಡುವುದೇ ಇಲ್ಲ! ಅದಕ್ಕೇ ಅಮ್ಮ ಕೈಯನ್ನು ನೀರಿಗೆ ಅದ್ದಿಕೊಳ್ಳುತ್ತಾರೆ. ಕೈಗೂ ಮುದ್ದೆಗೂ ನಡುವೆ ನೀರಿನ ತೆಳುವಾದ ಪದರ ಬಂದಾಗ ಅಂಟು ಬಿಡುತ್ತದೆ. ಜೇಡಿ ಮಣ್ಣೂ ಹೀಗೆಯೇ. ಅರ್ಧಂಬರ್ಧ ನೆನೆದಾಗ ಅದು ಕಬ್ಬಿಣಕ್ಕೆ ಅತಿ ಹೆಚ್ಚು ಅಂಟಿಕೊಳ್ಳುತ್ತದೆ. ಚೆನ್ನಾಗಿ ನೆನೆದು ಮೇಲೆ ನೀರು ನಿಂತಾಗ ಅಂಟುವುದು ಕಡಿಮೆಯಾಗುತ್ತದೆ. ಗದ್ದೆಗೆ ನೀರು ಬಿಟ್ಟು, ಒಂದೆರಡು ದಿನ ನೆನೆಸಿ ಆಮೇಲೆ ಉಳುವ ರೈತರು ಈ ವಿಜ್ಞಾನವನ್ನು ಬಹಳ ಹಿಂದೆಯೇ ಅನುಭವದಿಂದ ಅರಿತಿದ್ದಾರೆ.

ಅಂಟು ಮಣ್ಣಿನಲ್ಲಿ ಎಲ್ ಆಕಾರದ ಅಲಗಿಗೆ ಏನಾಗುತ್ತದೆ? ಅದರ ಮೂಲೆಯಲ್ಲಿ ಮಣ್ಣು ಸೇರಿಕೊಳ್ಳುತ್ತದೆ. ಅದರ ಮೇಲೆ ಇನ್ನಷ್ಟು ಮಣ್ಣು. ಸ್ವಲ್ಪ ಹೊತ್ತಿಗೆ ತೆಳ್ಳಗಿನ ಅಲಗು ಇದ್ದ ಜಾಗದಲ್ಲಿ ಮಣ್ಣಿನ ಗುದ್ದಲಿಯಂತಹ ಮುದ್ದೆ ತಿರುಗುತ್ತಿರುತ್ತದೆ. ಅದು ಕತ್ತರಿಸುವುದಿಲ್ಲ, ಬಡಿಯುತ್ತದೆ. ಎಂಜಿನ್ ಏದುಸಿರು ಬಿಡುತ್ತದೆ. ಅದೂ ಸಾಲದೆಂಬಂತೆ ಗದ್ದೆಯಲ್ಲಿ ಹಿಂದಿನ ಬೆಳೆಯ ಕೂಳೆ, ಹುಲ್ಲು ಇರುತ್ತವೆ. ಅವು ಅಲಗಿಗೂ ದಂಡಕ್ಕೂ ಸುತ್ತಿಕೊಂಡು ಯಂತ್ರವೇ ನಿಂತುಬಿಡಬಹುದು.

ಇದಕ್ಕೆ ಪರಿಹಾರವಾಗಿ ಬಂದದ್ದು ಇನ್ನೊಂದು ಆಕಾರ. ಮೂಲೆಯೇ ಇಲ್ಲದ, ಇಂಗ್ಲಿಷಿನ 'ಸಿ' ಅಕ್ಷರದಂತೆ ನುಣ್ಣಗೆ ಬಾಗಿದ ಅಲಗು. ಭಾರವಾದ ಒದ್ದೆ ಮಣ್ಣಿಗೆ ಸಾಮಾನ್ಯವಾಗಿ ಇದನ್ನೇ ಸೂಚಿಸುತ್ತಾರೆ. ಒಣ ನೆಲಕ್ಕೂ ಕಳೆ ತುಂಬಿದ ಹೊಲಕ್ಕೂ ಎಲ್ ಆಕಾರವೇ ಹೆಚ್ಚು ಬಳಕೆಯಲ್ಲಿದೆ. ಜಪಾನಿನಲ್ಲಿ ಬತ್ತದ ಗದ್ದೆಗಳಿಗಾಗಿ ರೂಪಿಸಿದ ಅಲಗಿಗೆ ನಟಾಜುಮೆ ಎಂದು ಹೆಸರು. 'ನಟಾ' ಎಂದರೆ ಮಚ್ಚು, 'ತ್ಸುಮೆ' ಎಂದರೆ ಉಗುರು. ಮಚ್ಚುಗುರು ಎನ್ನೋಣ! ಜಪಾನಿಗೆ ಮೊದಲು ಬಂದ ಸ್ವಿಟ್ಜರ್ಲೆಂಡಿನ ಯಂತ್ರಗಳ ಉಗುರುಗಳಿಗೆ ಬತ್ತದ ಹುಲ್ಲು ಸುತ್ತಿಕೊಳ್ಳುತ್ತಿತ್ತು. ಮಚ್ಚುಗುರಿನ ಅಂಚು ಹಿಂದಕ್ಕೆ ಬಾಗಿರುವುದರಿಂದ ಹುಲ್ಲು ಅಂಚಿನ ಉದ್ದಕ್ಕೂ ಜಾರಿ ತುದಿಯಿಂದ ಕಳಚಿಕೊಳ್ಳುತ್ತದೆ.

ಬಾಗಿದ ಅಂಚಿಗೆ ಕಡಿಮೆ ಬಲ ಸಾಕಾಗುವುದೇಕೆ? ಅಡುಗೆಮನೆಯ ಈಳಿಗೆ ಮಣೆಯನ್ನು ನೋಡಿ. ಅದರ ಅಲಗೂ ಬಾಗಿದೆ. ಬದನೆಕಾಯಿಯನ್ನು ಅಲಗಿನ ಮೇಲೆ ನೇರವಾಗಿ ಒತ್ತಿದರೆ ಹೆಚ್ಚು ಬಲ ಬೇಕು. ಸ್ವಲ್ಪ ಜಾರಿಸುತ್ತಾ ಒತ್ತಿದರೆ ಸುಲಭವಾಗಿ ಸೀಳುತ್ತದೆ. ಕುಡುಗೋಲಿನಿಂದ ಪೈರು ಕೊಯ್ಯುವುದೂ ಹೀಗೆ ಜಾರಿಸುತ್ತಾ ಕತ್ತರಿಸುವುದೇ. ಗದ್ದೆಯಲ್ಲಿ ಬಾಗಿದ ಅಲಗು ಮಣ್ಣಿಗೆ ಒಮ್ಮೆಲೇ ಅಪ್ಪಳಿಸುವುದಿಲ್ಲ. ಮೊದಲು ಅಂಚಿನ ಒಂದು ಭಾಗ ಇಳಿಯುತ್ತದೆ, ಆಮೇಲೆ ಮುಂದಿನ ಭಾಗ, ಆಮೇಲೆ ತುದಿ. ಎಂಜಿನ್ನಿಗೆ ಹೊರೆ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ. ದಂಡದ ಮೇಲಿನ ಅಲಗುಗಳನ್ನೂ ಒಂದೇ ಸಾಲಿನಲ್ಲಿ ಹಾಕದೆ, ಮರದ ಸುತ್ತ ಬಳ್ಳಿ ಹಬ್ಬಿದಂತೆ ಸುರುಳಿಯಾಗಿ ಹಾಕುವುದು ಇದೇ ಕಾರಣಕ್ಕೆ. ಎಲ್ಲವೂ ಒಟ್ಟಿಗೆ ನೆಲಕ್ಕೆ ಬಡಿದರೆ ಯಂತ್ರ ಎಗರಿ ಬೀಳುತ್ತದೆ.

ಕೆಸರಿನಲ್ಲಿ ತಿರುಗುವ ಅಲಗಿನಿಂದ ಇನ್ನೊಂದು ಉಪಕಾರವಿದೆ. ಟಿಲ್ಲರಿನ ಅಲಗುಗಳು ಸಾಮಾನ್ಯವಾಗಿ ಗಾಲಿ ತಿರುಗುವ ದಿಕ್ಕಿನಲ್ಲಿಯೇ ತಿರುಗುತ್ತವೆ. ದೋಣಿಯ ಹುಟ್ಟು ನೀರನ್ನು ಹಿಂದಕ್ಕೆ ತಳ್ಳಿದಾಗ ದೋಣಿ ಮುಂದೆ ಹೋಗುತ್ತದೆಯಲ್ಲ, ಹಾಗೆ ಅಲಗು ಮಣ್ಣನ್ನು ಹಿಂದಕ್ಕೆ ತಳ್ಳಿದಾಗ ಯಂತ್ರಕ್ಕೆ ಮುಂದಕ್ಕೆ ನೂಕು ಸಿಗುತ್ತದೆ. ನೇಗಿಲು ಯಂತ್ರವನ್ನು ಹಿಂದಕ್ಕೆ ಜಗ್ಗುತ್ತದೆ, ಇದು ಮುಂದಕ್ಕೆ ತಳ್ಳುತ್ತದೆ! ಗಾಲಿ ಜಾರುವ ಗದ್ದೆಯಲ್ಲಿ ಇದು ಎಂಥ ಅನುಕೂಲವೆಂದು ಬೇರೆ ಹೇಳಬೇಕಿಲ್ಲ. ಹೀಗಿದ್ದರೂ ಗಾಲಿ ಹೂತುಹೋಗದಂತೆ ಕೇಜ್ ವೀಲ್ ಎಂಬ ಕಬ್ಬಿಣದ ಗಾಲಿಗಳನ್ನು ಹಾಕುತ್ತಾರೆ.

ಒಂದು ಲೆಕ್ಕ ಮಾಡೋಣ

ಟಿಲ್ಲರ್ ಸೆಕೆಂಡಿಗೆ ಅರ್ಧ ಮೀಟರ್ ಮುಂದೆ ಸಾಗುತ್ತಿದೆ ಎಂದುಕೊಳ್ಳಿ. ಅಲಗುಗಳಿರುವ ದಂಡ ನಿಮಿಷಕ್ಕೆ 200 ಸುತ್ತು ತಿರುಗುತ್ತಿದೆ. ಒಂದು ಸುತ್ತಿಗೆ ಎಷ್ಟು ಸಮಯ? 60ನ್ನು 200ರಿಂದ ಭಾಗಿಸಿ, 0.3 ಸೆಕೆಂಡ್. ಅಷ್ಟರಲ್ಲಿ ಯಂತ್ರ 15 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಒಂದೇ ಜಾಡಿನಲ್ಲಿ ಎರಡು ಅಲಗುಗಳಿದ್ದರೆ ಪ್ರತಿಯೊಂದೂ ಏಳೂವರೆ ಸೆಂಟಿಮೀಟರ್ ದಪ್ಪದ ತುಂಡನ್ನು ಕತ್ತರಿಸುತ್ತದೆ. ಮೂರಿದ್ದರೆ 5 ಸೆಂಟಿಮೀಟರ್.

ಎರಡೇ ಅಲಗು ಇಟ್ಟುಕೊಂಡು 5 ಸೆಂಟಿಮೀಟರಿನ ತುಂಡು ಬೇಕೆಂದರೆ? ದಂಡವನ್ನು ನಿಮಿಷಕ್ಕೆ 300 ಸುತ್ತು ತಿರುಗಿಸಬೇಕು. ಆದರೆ ಆಗ ಅಲಗಿನ ತುದಿಯ ವೇಗ ಒಂದೂವರೆ ಪಟ್ಟಾಗುತ್ತದೆ. ಮಣ್ಣು ಅಲಗಿನ ವೇಗದಲ್ಲಿಯೇ ಹಾರುತ್ತದೆ ಎಂದಿಟ್ಟುಕೊಂಡರೆ, ಎಸೆಯಲು ಬೇಕಾಗುವ ಶಕ್ತಿ ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದಷ್ಟು, ಎಂದರೆ ಎರಡೂಕಾಲು ಪಟ್ಟು. ಟಿಲ್ಲರ್ ಜೋರಾಗಿ ತಿರುಗಿದಷ್ಟೂ ಕೆಲಸ ಚೆನ್ನಾಗಿ ಆಗುತ್ತದೆ ಎಂದು ತಿಳಿದವರು ಬಹಳ ಜನ. ಅವರ ಡೀಸೆಲ್ಲಿನ ಒಂದು ಪಾಲು ಕೆಸರನ್ನು ಮುಚ್ಚಳಕ್ಕೆ ಎರಚುವುದಕ್ಕೇ ಹೋಗುತ್ತದೆ.

ಹಾಗಾದರೆ ತೀರಾ ನಿಧಾನವಾಗಿ ತಿರುಗಿಸಿದರೆ? ಅದೂ ಸರಿಯಲ್ಲ. ಸೈಕಲ್ ಗಾಲಿಯ ಒಂದು ಅಂಚಿಗೆ ಬಿಳಿಯ ಕಾಗದ ಅಂಟಿಸಿ, ಗೆಳೆಯನಿಗೆ ಸೈಕಲ್ ತಳ್ಳಲು ಹೇಳಿ, ಪಕ್ಕದಿಂದ ನೋಡಿ. ಕಾಗದ ವೃತ್ತದಲ್ಲಿ ಸಾಗುವುದಿಲ್ಲ, ಮುಂದೆ ಮುಂದೆ ಕುಪ್ಪಳಿಸುತ್ತಾ ಕಮಾನುಗಳನ್ನು ಬರೆಯುತ್ತದೆ. ಅಲಗಿನ ಜಾಡೂ ಹೀಗೆ ತಿರುಗುವುದು ಮತ್ತು ಮುಂದೆ ಸಾಗುವುದು ಎರಡೂ ಸೇರಿ ಆದದ್ದು. ಸುತ್ತು ಕಡಿಮೆಯಾಗಿ ಮುಂದಿನ ವೇಗ ಹೆಚ್ಚಾದರೆ ಅಲಗಿನ ಬೆನ್ನು ಇನ್ನೂ ಕತ್ತರಿಸದ ಮಣ್ಣಿಗೆ ಒತ್ತಿಕೊಂಡು ಉಜ್ಜುತ್ತದೆ. ಮತ್ತೆ ಅಲ್ಲಿಯೂ ಶಕ್ತಿ ದಂಡ. ಅಲಗಿನ ತುದಿಯನ್ನು ಎಷ್ಟು ಕೋನದಲ್ಲಿ ಬಾಗಿಸಬೇಕು ಎಂಬುದು ಈ ಜಾಡನ್ನು ಅವಲಂಬಿಸಿದೆ. ಅಲಗುಗಳನ್ನು ಹಿಂದುಮುಂದಾಗಿ ಜೋಡಿಸಿದರೂ ಇದೇ ಗತಿ, ಬೆನ್ನೇ ಮಣ್ಣಿಗೆ ಬಡಿಯುತ್ತದೆ.

ಮಾಡಿ ನೋಡಿ

ಹಳೆಯ ಪ್ಲಾಸ್ಟಿಕ್ ಡಬ್ಬಿಯಿಂದ ಒಂದೇ ಅಳತೆಯ ಎರಡು ಪಟ್ಟಿಗಳನ್ನು ದೊಡ್ಡವರಿಂದ ಕತ್ತರಿಸಿಕೊಳ್ಳಿ. ಒಂದನ್ನು ಮೂಲೆ ಬರುವಂತೆ ಮಡಿಸಿ. ಇನ್ನೊಂದನ್ನು ಪೆನ್ಸಿಲಿಗೆ ಸುತ್ತಿ ದುಂಡಗೆ ಬಾಗಿಸಿ, ದಾರ ಕಟ್ಟಿ ಆಕಾರ ನಿಲ್ಲಿಸಿ. ಒಂದು ತಟ್ಟೆಯಲ್ಲಿ ಜೇಡಿ ಮಣ್ಣನ್ನು ಚಪಾತಿ ಹಿಟ್ಟಿನ ಹದಕ್ಕೆ ಕಲಸಿ. ಪಟ್ಟಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ, ಮಣ್ಣಿನಲ್ಲಿ ಒಂದೇ ಆಳಕ್ಕೆ ಊರಿ, ನಿಧಾನವಾಗಿ ಎಳೆಯಿರಿ. ರಬ್ಬರ್ ಬ್ಯಾಂಡ್ ಎಷ್ಟು ಹಿಗ್ಗಿತು ಎಂದು ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ. ಯಾವ ಪಟ್ಟಿಯಲ್ಲಿ ಮಣ್ಣು ಹೆಚ್ಚು ಅಂಟಿದೆ? ಈಗ ತಟ್ಟೆಗೆ ನೀರು ಹಾಕಿ ಮಣ್ಣನ್ನು ದೋಸೆ ಹಿಟ್ಟಿನ ಹದಕ್ಕೆ ತಂದು ಮತ್ತೆ ಎಳೆಯಿರಿ. ಎರಡೂ ಸಲದ ಅಳತೆಗಳನ್ನು ಹೋಲಿಸಿ ತರಗತಿಯಲ್ಲಿ ಚರ್ಚಿಸಿ.

ನಿಜವಾದ ಟಿಲ್ಲರಿನ ಬಳಿ ಮಾತ್ರ ಯಾವ ಪ್ರಯೋಗವೂ ಬೇಡ. ಓಡುವ ಯಂತ್ರದ ಹಿಂದೆ ನಡೆಯುವುದು, ಲಂಗ, ದುಪಟ್ಟ, ಪಂಚೆಯ ಅಂಚು ಅಲಗಿನ ಹತ್ತಿರ ಹೋಗುವುದು ಬಹಳ ಅಪಾಯ. ಹುಲ್ಲು ಸುತ್ತಿಕೊಂಡರೆ ಎಂಜಿನ್ ಆರಿಸಿಯೇ ಬಿಡಿಸಬೇಕು. ಇದನ್ನು ಮನೆಯಲ್ಲಿ ದೊಡ್ಡವರಿಗೂ ಹೇಳಿ.

ನಮ್ಮ ಗದ್ದೆಗೆ ಬಂದ ಬಗೆ

ಕರ್ನಾಟಕಕ್ಕೂ ಈ ಕಥೆಗೂ ನಂಟಿದೆ. ಅದು ಬಂದದ್ದು ಜಪಾನಿನ ದಾರಿಯಿಂದ. 1967ರಲ್ಲಿ ಜಪಾನಿನ ಮಿತ್ಸುಬಿಷಿ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನ ವಿ.ಎಸ್.ಟಿ. ಕಂಪನಿ ಪವರ್ ಟಿಲ್ಲರ್ ತಯಾರಿಕೆಗೆ ಕೈಹಾಕಿತು. ಸುಮಾರು 13 ಅಶ್ವಸಾಮರ್ಥ್ಯದ ಇಂಥ ಯಂತ್ರ ದೊಡ್ಡ ಟ್ರ್ಯಾಕ್ಟರ್ ತಿರುಗಲಾಗದ ಚಿಕ್ಕ ಚಿಕ್ಕ ಗದ್ದೆಗಳಲ್ಲಿಯೂ ಬದುವಿನಿಂದ ಬದುವಿಗೆ ಇಳಿದು ಕೆಲಸ ಮಾಡುತ್ತದೆ. ಒಂದು ಅಶ್ವಸಾಮರ್ಥ್ಯ ಎಂದರೆ 746 ವ್ಯಾಟ್. ಹದಿಮೂರಕ್ಕೆ ಎಷ್ಟಾಯಿತು ಎಂದು ನೀವೇ ಗುಣಿಸಿ. ಇಷ್ಟು ಚಿಕ್ಕ ಎಂಜಿನ್ನಿನಲ್ಲಿ ವ್ಯರ್ಥ ಮಾಡಲು ಹೆಚ್ಚು ಶಕ್ತಿ ಇರುವುದಿಲ್ಲ. ಆದ್ದರಿಂದ ಅಲಗಿನ ಆಕಾರ ಇಲ್ಲಿ ಇನ್ನೂ ಮುಖ್ಯ. ಮರಳು ಮಿಶ್ರಿತ ಮಣ್ಣಿನಲ್ಲಿ ಅಲಗು ಬೇಗ ಸವೆಯುತ್ತದೆ. ಸವೆದು ಮೊಂಡಾದ ಅಲಗು ಕತ್ತರಿಸದೆ ಒತ್ತುತ್ತದೆ. ಹೊಸ ಅಲಗಿಗೆ ಕೊಡುವ ಹಣ ಉಳಿಸಲು ಹೋಗಿ ಅದಕ್ಕಿಂತ ಹೆಚ್ಚಿನ ಡೀಸೆಲ್ ಸುಡುವುದುಂಟು.

ರೋಟವೇಟರಿನಿಂದ ಎಲ್ಲವೂ ಒಳ್ಳೆಯದೇ ಆಯಿತೆಂದು ಹೇಳಲಾಗದು. ಒಣ ಹೊಲವನ್ನು ಪದೇ ಪದೇ ಹೀಗೆ ಪುಡಿ ಮಾಡಿದರೆ ಮಣ್ಣಿನ ಹರಳು ಹರಳಾದ ರಚನೆ ಹಾಳಾಗುತ್ತದೆ. ಗಾಳಿ ಬಂದರೆ ದೂಳು, ಮಳೆ ಬಂದರೆ ಕೊಚ್ಚೆ. ವರ್ಷಾನುಗಟ್ಟಲೆ ಒಂದೇ ಆಳಕ್ಕೆ ಅಲಗು ಬಡಿದು ಅದರ ಕೆಳಗೆ ಗಟ್ಟಿ ಪದರವೂ ಏಳಬಹುದು. ಬತ್ತದ ಗದ್ದೆಗೆ ಆ ಗಟ್ಟಿ ಪದರ ಬೇಕು, ಅದು ನೀರನ್ನು ಹಿಡಿದಿಡುತ್ತದೆ. ಬೇರು ಆಳಕ್ಕೆ ಇಳಿಯಬೇಕಾದ ತೊಗರಿಗೆ ಅದೇ ಪದರ ಶತ್ರು. ಹೋವರ್ಡ್ ಅವರ ಆಸ್ಟ್ರೇಲಿಯಾದಲ್ಲಿಯೇ ಇಂದು ಬಹಳಷ್ಟು ಗೋಧಿ ರೈತರು ಉಳುಮೆಯನ್ನೇ ಬಿಟ್ಟು, ಹಿಂದಿನ ಬೆಳೆಯ ಕೂಳೆಯ ನಡುವೆ ನೇರವಾಗಿ ಬಿತ್ತುತ್ತಾರೆ.

ಹೋವರ್ಡ್ 1971ರಲ್ಲಿ ತೀರಿಕೊಂಡರು. ಅವರ ಕಂಪನಿಗಳ ಸಮೂಹ 1985ರಲ್ಲಿ ಡೆನ್ಮಾರ್ಕಿನ ಥ್ರೀಗೆ ಆಗ್ರೋ ಎಂಬ ಸಮೂಹದ ಪಾಲಾಯಿತು. 2000ದಲ್ಲಿ ಅದೇ ದೇಶದ ಕೋಂಗ್‌ಸ್ಕಿಲ್ಡೆ ಸಂಸ್ಥೆಗೆ ಸೇರಿತು. ಅಲಗಿನ ಆಕಾರದ ಹುಡುಕಾಟ ಮಾತ್ರ ಮುಗಿದಿಲ್ಲ. ಈಗ ಕೃಷಿ ಎಂಜಿನಿಯರುಗಳು ಉದ್ದನೆಯ ತೊಟ್ಟಿಗಳಲ್ಲಿ ಮಣ್ಣು ತುಂಬಿ, ಬೇಕಾದಷ್ಟೇ ನೀರು ಹಾಕಿ, ಅದರಲ್ಲಿ ಒಂದೊಂದೇ ಅಲಗನ್ನು ತಿರುಗಿಸುತ್ತಾರೆ. ದಂಡದ ಮೇಲೆ ಅಂಟಿಸಿದ ಸಂವೇದಕಗಳು ಮಣ್ಣು ದಂಡವನ್ನು ಎಷ್ಟು ತಿರುಚಿತು ಎಂಬುದನ್ನು ಕ್ಷಣಕ್ಷಣವೂ ಕಂಪ್ಯೂಟರಿಗೆ ಕಳಿಸುತ್ತವೆ. ಒಂದು ಮಣ್ಣಿಗೆ ಹೊಂದಿದ ಅಲಗು ಇನ್ನೊಂದಕ್ಕೆ ಹೊಂದುವುದಿಲ್ಲ. ಅದೇ ಮಣ್ಣಿಗೂ ನೀರು ಹೆಚ್ಚುಕಡಿಮೆಯಾದರೆ ಅಳತೆ ಬದಲಾಗುತ್ತದೆ. ಆದ್ದರಿಂದ ತೊಟ್ಟಿಯ ಮಣ್ಣನ್ನು ತೆಗೆದು, ಹೊಸ ಮಣ್ಣು ತುಂಬಿ, ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ.